ನೀವಲ್ಲ, ಬೇರೆಯವರು

ಈ ಮಂಗಳವಾರ ರಕ್ತ ಪರೀಕ್ಷೆಗೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ನನ್ನ ತೋಳಿಗೆ ಪಟ್ಟಿ ಬಿಗಿದು ಬೆರಳಲ್ಲಿ ನರ ಹುಡುಕುತ್ತಿದ್ದಳು. ಅವಳ ಕೈಮೇಲೆ ಬಳ್ಳಿಯ ಹಚ್ಚೆ, ಮಣಿಕಟ್ಟಿನಿಂದ ಮೊಣಕೈವರೆಗೂ ಹಬ್ಬಿತ್ತು. ಕೈ ತಿರುಗಿದಾಗೆಲ್ಲ ಎಲೆಗಳೂ ತಿರುಗುತ್ತಿದ್ದವು. ಸೂಜಿ ಕಂಡರೆ ನನಗೆ ಭಯ. ಆ ಎಲೆಗಳನ್ನೇ ನೋಡುತ್ತಾ ಕೂತೆ. ಚುಚ್ಚಿದ್ದೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿರಿಯ ಮೇಡಂ ಬಂದರು. "ಅಂಗಿ ತೋಳು ಇಳಿಸ್ಕೋ ಅಂತ ಎಷ್ಟು ಸಲ ಹೇಳೋದು? ಪೇಶೆಂಟ್‌ಗಳು ಏನಂದ್ಕೋತಾರೆ?"

"ಪೇಶೆಂಟ್ ನಾನೇ ಅಲ್ವಾ ಮೇಡಂ? ನಾನೇನೂ ಅಂದ್ಕೊಂಡಿಲ್ಲ" ಅಂದೆ.

"ಅಯ್ಯೋ, ನೀವಲ್ಲ. ಬೇರೆಯವರು."

ಆವತ್ತಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಯಾರು ಆ ಬೇರೆಯವರು? ಹೊರಗೆ ಕೂತಿದ್ದವರೆಲ್ಲ ತಮ್ಮ ಟೋಕನ್ ನಂಬರ್ ಯಾವಾಗ ಬರುತ್ತೆ ಅಂತ ಕಾಯುತ್ತಿದ್ದರು. ಮೇಡಂ ಅವರನ್ನೇ ಕೇಳಿದೆ, ನಿಮಗೆ ತೊಂದರೆಯಾ ಅಂತ. "ನಂಗೇನಿಲ್ಲಪ್ಪ, ಈಗಿನ ಕಾಲದಲ್ಲಿ ಎಲ್ಲರೂ ಹಾಕಿಸ್ಕೋತಾರೆ" ಅಂದರು. ಒಳ್ಳೆಯ ಹೆಂಗಸು, ಕೆಲಸದಲ್ಲಿ ಪಳಗಿದವರು. ಅವರಿಗೂ ಮೇಲಿನವರ ಹೆದರಿಕೆ ಇರಬೇಕು. ಆ ಮೇಲಿನವರನ್ನು ಕೇಳಿದರೂ ಇದೇ ಉತ್ತರ ಬರುತ್ತೆ ಅಂತ ನನ್ನ ನಂಬಿಕೆ. ಮೊದಲು ಜನ ಮುಖಕ್ಕೇ ಹೇಳುತ್ತಿದ್ದರು. ಈಗ ಆಕ್ಷೇಪಣೆ ಉಳಿದಿದೆ, ಅದು ನನ್ನದು ಅನ್ನುವವರಿಲ್ಲ.

ಅದಕ್ಕಿಂತ ಸಿಟ್ಟು ಬಂದಿದ್ದು ತೋಳು ಇಳಿಸು ಅಂದಿದ್ದಕ್ಕೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಯನ್ನು ಮುಟ್ಟುವವರ ಕೈ ಮೊಣಕೈ ಕೆಳಗೆ ಬರಿದಾಗಿರಬೇಕು ಅನ್ನೋ ನಿಯಮವೇ ಇದೆ. ತೋಳಿನ ಅಂಚಿಗೆ ಕೊಳೆ ಹತ್ತುತ್ತದೆ, ಮಣಿಕಟ್ಟು ಸರಿಯಾಗಿ ತೊಳೆಯೋಕೆ ಆಗಲ್ಲ. ಹಚ್ಚೆಯಿಂದ ಅಂಥ ಕಾಟ ಇಲ್ಲ. ಗಾಯ ಮಾಗಿದ ಮೇಲೆ ಶಾಯಿ ಇರೋದು ಚರ್ಮದ ಮೇಲ್ಪದರದ ಕೆಳಗೆ. ಮೈಯ ಕಾವಲು ಕಣಗಳು ಅದನ್ನು ನುಂಗಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅದು ಯಾರಿಗೂ ಅಂಟಲ್ಲ. ಅಂದರೆ, ಇಲ್ಲದ ಜನರ ಮುಜುಗರ ತಪ್ಪಿಸೋಕೆ ಇರುವ ರೋಗಿಯ ಶುಚಿತ್ವ ಬಿಟ್ಟುಕೊಡಬೇಕಾ?

ಶಿಸ್ತಿಗೆ ಹೆಸರಾದ ಕಡೆಯೇ ಪಟ್ಟು ಸಡಿಲವಾಗಿದೆ. ಏರ್ ನ್ಯೂಜಿಲೆಂಡ್ 2019ರಲ್ಲಿ ಸಿಬ್ಬಂದಿಯ ಹಚ್ಚೆ ಕಾಣಬಹುದು ಎಂದಿತು. 2022ರಲ್ಲಿ ಅಮೆರಿಕದ ಸೇನೆ ಹಸ್ತದ ಮೇಲೆ, ಕತ್ತಿನ ಹಿಂದೆ ಸಣ್ಣ ಹಚ್ಚೆಗೆ ಒಪ್ಪಿತು. ಹಾಗಂತ ಏನು ಬರೆಸಿಕೊಂಡರೂ ನಡೆಯುತ್ತೆ ಅಂತ ನಾನು ಹೇಳಲ್ಲ. ದ್ವೇಷದ ಗುರುತು, ಬೈಗುಳ ಎಲ್ಲಿದ್ದರೂ ತಪ್ಪೇ, ಬಾಯಲ್ಲಾದರೂ ಸರಿ, ಮೈಮೇಲಾದರೂ ಸರಿ. ಆದರೆ ಬಳ್ಳಿ ಯಾರಿಗೇನು ಮಾಡಿತು?

ಆ ಹುಡುಗಿ ಮಾತಾಡಲಿಲ್ಲ. ಹತ್ತಿ ಒತ್ತಿ, ಕೈ ಮಡಚಿಕೊಳ್ಳಿ ಅಂದಳು. ಆಮೇಲೆ ತೋಳು ಕೆಳಗೆಳೆದು ಗುಂಡಿ ಹಾಕಿಕೊಂಡಳು.

ಹೊರಡುವಾಗ ಅನಿಸಿಕೆ ಚೀಟಿ ಕೇಳಿ ಪಡೆದೆ. "ರಕ್ತ ತೆಗೆದವರ ಕೈ ಬಹಳ ಹಗುರ. ಹಚ್ಚೆ ನೋಡಿದೆ, ಚೆನ್ನಾಗಿದೆ. ತೋಳು ಮಡಚಿಕೊಂಡೇ ಕೆಲಸ ಮಾಡಲಿ" ಅಂತ ಬರೆದು, ಕೆಳಗೆ ಪೂರ್ತಿ ಹೆಸರು, ಫೋನ್ ನಂಬರ್ ಹಾಕಿದೆ. ನಾಳೆ ಮೇಲಿನವರು ಪೇಶೆಂಟ್‌ಗಳ ಮಾತೆತ್ತಿದರೆ ಮೇಡಂ ಕೈಯಲ್ಲಿ ಒಬ್ಬ ಪೇಶೆಂಟ್ ಬರೆದಿದ್ದಾದರೂ ಇರಲಿ.