ಸೊನ್ನೆ ಬಂದ ದಿನ

ಹಳೆಯ ವಿದ್ಯಾರ್ಥಿಗಳು ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು ಒಂದು ಬಿಳಿ ಫ್ಲಾನೆಲ್ ಬಟ್ಟೆ.

ನಾನು ಹಾನಗಲ್ ಕಡೆಯವನು. ಬಿ.ಎಸ್ಸಿ. ಓದಲು ಧಾರವಾಡಕ್ಕೆ ಬಂದದ್ದು 1983ರಲ್ಲಿ. ಪ್ರಾಣಿಶಾಸ್ತ್ರದ ಸರ್ ಮೊದಲ ದಿನವೇ ನನ್ನ ಊರು ಕೇಳಿ, "ಹಾನಗಲ್ಲಾ? ಕ್ಯಾಸನೂರು ನಿಮ್ಮೂರಿಗೆ ಎಷ್ಟು ದೂರಪಾ?" ಅಂದರು. ಗೊತ್ತಿರಲಿಲ್ಲ. "ಸೊರಬದ ಬಾಜೂ ತಾಲೂಕಿನಾಂವ, ಗೊತ್ತಿಲ್ಲಂದ್ರ ಹೆಂಗ?" ಅಂತ ಅಂದೇ ಶುರು ಮಾಡಿದರು.

ಆ ವರ್ಷ ಬೆಳ್ತಂಗಡಿ ಕಡೆ ಮಂಗನ ಕಾಯಿಲೆ ಬಂದು 1,500ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದಿದ್ದರು. ಪೇಪರಿನಲ್ಲೆಲ್ಲ ಅದೇ ಸುದ್ದಿ. ಆದರೆ ಸರ್ ಹೇಳಿದ್ದು ಈ ಕಾಯಿಲೆ ಮೊದಲು ಕಂಡ 1957ರ ಕಥೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ, ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಯವರಿಗೂ ಜ್ವರ. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರವೇ ಇಲ್ಲಿಗೂ ಬಂತೇನೋ ಅಂತ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಗಾಬರಿ. ಅದರ ನಿರ್ದೇಶಕ ಟೆಲ್ಫರ್ಡ್ ವರ್ಕ್ ಮತ್ತು ಜೊತೆಗಾರರು ಹುಡುಕಿದರೆ ಸಿಕ್ಕಿದ್ದು ಬೇರೆಯೇ ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಮೆದುಳು ಜ್ವರ ತರುವ ವೈರಸ್ಸಿನ ಬಳಗದ್ದು. ಹರಡುವುದು ಸೊಳ್ಳೆ ಅಲ್ಲ, ಉಣ್ಣಿ.

ನಮ್ಮ ಅಜ್ಜಿ ಸತ್ತ ಮಂಗ್ಯಾನ ಹತ್ತಿರ ಹೋಗಬಾರದು ಅನ್ನುತ್ತಿದ್ದಳು. ಹನುಮಪ್ಪನ ಭಕ್ತಿಗೆ ಹಾಗನ್ನುತ್ತಾಳೆ ಅಂದುಕೊಂಡಿದ್ದೆ. ಮಂಗ ಸತ್ತು ಮೈ ತಣ್ಣಗಾದರೆ ಉಣ್ಣಿಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಕೂತುಬಿಡುತ್ತವೆ, ಅಲ್ಲಿ ಕಾಲಿಟ್ಟವನಿಗೆ ಗಂಡಾಂತರ, ಅಂತ ಸರ್ ಹೇಳಿದ ಮೇಲೆ ಅಜ್ಜಿಯ ಮಾತಿಗೆ ಬೇರೆ ಬೆಲೆ ಬಂತು.

ಸರ್‌ಗೆ ಇದೆಲ್ಲ ಓದಿ ಗೊತ್ತಾದದ್ದಲ್ಲ. ಎಂ.ಎಸ್ಸಿ. ಮುಗಿದ ಹೊಸತರಲ್ಲಿ, ಪುಣೆಯ ಕೇಂದ್ರದವರು ಸಾಗರದಲ್ಲಿ ನಡೆಸುತ್ತಿದ್ದ ಕ್ಷೇತ್ರ ಠಾಣೆಯಲ್ಲಿ ಕೆಲವು ವರ್ಷ ಉಣ್ಣಿ ಎಣಿಸಿದ್ದರು. ಆ ಕೆಲಸದಲ್ಲಿದ್ದ ಹಲವರಿಗೆ ಅದೇ ಜ್ವರ ಹತ್ತಿತ್ತಂತೆ. ಒಮ್ಮೆ ನನ್ನ ಹಾಸ್ಟೆಲ್ ಗೆಳೆಯ ಧೈರ್ಯ ಮಾಡಿ, "ಸರ್, ನಿಮ್ಮ ರಿಸರ್ಚ್ ಪೇಪರ್ ಎಷ್ಟು ಬಂದಾವ್ರಿ?" ಅಂತ ಕೇಳಿಯೇಬಿಟ್ಟ. "ಪೇಪರಿನ ಕೊನೀಗೆ ಥ್ಯಾಂಕ್ಸ್ ಹೇಳ್ತಾರಲ್ಲ, ಅಲ್ಲಿ ಎರಡು ಕಡೆ ಅದೀನಿ" ಅಂದು ನಕ್ಕರು. ನಿಜ ಹೇಳಬೇಕೆಂದರೆ ನನಗೆ ಆಗ ಸ್ವಲ್ಪ ನಿರಾಸೆಯೇ ಆಯಿತು.

ಮರುದಿನ ಅವರು ಒಂದು ವಹಿ ತಂದು ತೋರಿಸಿದರು. ಕಿರಾಣಿ ಅಂಗಡಿಯ ಖಾತೆ ವಹಿಯಂಥದ್ದು, ಅಂಚು ಗೆದ್ದಲು ತಿಂದಿತ್ತು. ತಾರೀಕು, ಜಾಗ, ಮರಿ ಉಣ್ಣಿ ಎಷ್ಟು, ಅಷ್ಟೇ. ಮಳೆಗಾಲದ ಪುಟಗಳಲ್ಲಿ ಸೊನ್ನೆ, ಸೊನ್ನೆ, ಒಂದು, ಸೊನ್ನೆ. ದೀಪಾವಳಿ ಕಳೆದ ಮೇಲೆ ಮರಿ ಉಣ್ಣಿಗಳ ಲೆಕ್ಕ ಏರುತ್ತ ಹೋಗುತ್ತದೆ. ಜನರಿಗೆ ಜ್ವರ ಬರುವುದೂ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗೇ ಅಲ್ವಾ. ಆ ಸೊನ್ನೆಗಳಿಲ್ಲದಿದ್ದರೆ ಏರಿದ್ದು ಯಾವಾಗ ಅಂತ ತಿಳಿಯುವುದು ಹೇಗೆ?

ಆ ಚಳಿಗಾಲ ನಮಗೂ ಅದೇ ಕೆಲಸ ಹಚ್ಚಿದರು. ಒಂದು ಗಜ ಬಿಳಿ ಫ್ಲಾನೆಲ್, ಮುಂದಿನ ಅಂಚಿಗೆ ಒಂದು ಕೋಲು, ಕೋಲಿನ ಎರಡು ತುದಿಗೆ ಹಗ್ಗ. ಕೆಲಗೇರಿ ಕೆರೆಯ ಹತ್ತಿರ ದನ ಮೇಯುವ ಹುಲ್ಲಿನ ಮೇಲೆ ಅದನ್ನು ಎಳೆಯುತ್ತ ನಡೆಯಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು ಮಗುಚಿ, ಬಟ್ಟೆಗೆ ಉಣ್ಣಿ ಹತ್ತಿದೆಯೇ ಅಂತ ನೋಡಬೇಕು. ಗಸಗಸೆ ಕಾಳಿನಷ್ಟು ಚುಕ್ಕೆ. ಕಸ ಅಂದುಕೊಂಡು ಬೆರಳು ಇಡುವಷ್ಟರಲ್ಲಿ ಕಾಲು ಬಿಚ್ಚಿ ಹೊರಡುತ್ತಿತ್ತು. ದನ ಕಾಯುವ ಹುಡುಗರು "ನೆಲ ಒರಸಾಕ ಹತ್ಯಾರ ನೋಡಲೇ" ಅಂತ ಕೂಗಿ ನಗುತ್ತಿದ್ದರು.

ಹತ್ತು ದಿನ ಹೋದೆವು. ರೆಕಾರ್ಡ್ ಬುಕ್‌ನಲ್ಲಿ ಆರು ದಿನದ ಲೆಕ್ಕ ಬರೆದು ಕೊಟ್ಟೆವು.

"ಉಳಿದ ನಾಕು ದಿನ ಎಲ್ಲಿ?"

"ಒಂದೂ ಸಿಗಲಿಲ್ರಿ ಸರ್."

"ಸಿಗಲಿಲ್ಲ ಅಂತ ಬರಿಯಾಕ ಏನಾಗಿತ್ತು?"

ರೆಕಾರ್ಡನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಎಸೆದರು ಅನ್ನಲಾರೆ, ಆದರೆ ಸಪ್ಪಳ ಆಯಿತು. ಹೊರಗೆ ಕಟ್ಟೆಯ ಮೇಲೆ ಕೂತು ಪುಟ ಹರಿದು ಹೊಸದಾಗಿ ಬರೆದೆವು. ನಾಲ್ಕು ತಾರೀಕು, ನಾಲ್ಕು ಸೊನ್ನೆ. ಪಕ್ಕದಲ್ಲಿ ಆ ದಿನ ಹವೆ ಹೇಗಿತ್ತು ಅಂತ ಒಂದು ಕಲಮು ಇತ್ತು. ಅದನ್ನು ತುಂಬುವಾಗ ಗೆಳೆಯ ತಟ್ಟನೆ ನಿಂತ. ಆ ನಾಲ್ಕೂ ದಿನ ನಾವು ಬೇಗ ಎದ್ದು, ಏಳು ಗಂಟೆಗೇ ಹೋಗಿದ್ದೆವು. ಇಬ್ಬನಿಗೆ ನಮ್ಮ ಚಪ್ಪಲಿ, ಬಟ್ಟೆ ಎಲ್ಲ ಒದ್ದೆ. ಒದ್ದೆ ಬಟ್ಟೆಗೆ ಉಣ್ಣಿ ಎಲ್ಲಿ ಹತ್ತಬೇಕು?

ಒಳಗೆ ಓಡಿ ಹೋಗಿ ಹೇಳಿದೆವು. ಸರ್ ಪುಟ ನೋಡಿ, ಕೆಳಗೆ ಸಹಿ ಹಾಕಿದರು.

"ನಾಳೆ ಒಂಬತ್ತಕ್ಕ ಹೋಗ್ರಿ. ಹುಲ್ಲು ಆರಿರ್ತದ."