ಮೊದಲ ಸರದಿ ನಿಮ್ಮದಾದರೆ ಹಿಟ್ಟರೋ, ಪಿಚರೋ?

ಹ್ಯೂಸ್ಟನ್‌ಗೆ ಬಂದ ಮೇಲೆ ಬೇಸ್‌ಬಾಲ್ ಹುಚ್ಚು ಹತ್ತಿಸಿಕೊಂಡವನು ನಾನು. ಜುಲೈನಲ್ಲಿ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಬಂತೆಂದರೆ ಕನ್ನಡದ ಗೆಳೆಯರು ಕೇಳುವುದು ಒಂದೇ: "ಮೊದಲ ಸರದಿ ನಿಂದೇ ಅಂದ್ಕೊ ಮಾರಾಯ. ಹೊಡೆಯೋನನ್ನ ತಗೋತೀಯೋ, ಎಸೆಯೋನನ್ನೋ?"

ಹೊಡೆಯೋನನ್ನೇ. ಇಬ್ಬರೂ ಸರಿಸಾಟಿ ಅನ್ನಿಸಿದರೆ ಹಿಂದೆಮುಂದೆ ನೋಡುವುದಿಲ್ಲ.

ಇದು ಐಪಿಎಲ್ ಹರಾಜಿನ ಹಾಗಲ್ಲ. 1965ರಲ್ಲಿ ಶುರುವಾದ ಈ ಡ್ರಾಫ್ಟ್‌ನಲ್ಲಿ ಹೈಸ್ಕೂಲು ಮುಗಿಸಿದ, ಕಾಲೇಜಿನಲ್ಲಿ ಆಡುತ್ತಿರುವ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಆರಿಸಿದವನು ಕೆಳಗಿನ ಲೀಗುಗಳಲ್ಲಿ ಪಳಗಿ ಮೇಲಿನ ಹಂತದ ಮೇಜರ್ ಲೀಗ್‌ಗೆ ಬರುವ ಹೊತ್ತಿಗೆ ಎರಡು ವರ್ಷವಾಗಬಹುದು, ಐದೂ ಆಗಬಹುದು.

"ಹಿಟ್ಟರ್ ದಿನಾ ಆಡ್ತಾನೆ, ಪಿಚರ್ ಐದು ದಿನಕ್ಕೊಮ್ಮೆ" ಎನ್ನುವ ವಾದ ನನಗೆ ರುಚಿಸುವುದಿಲ್ಲ. 162 ಪಂದ್ಯಗಳ ಸೀಸನ್‌ನಲ್ಲಿ ಹಿಟ್ಟರ್ ಬ್ಯಾಟು ಹಿಡಿದು ನಿಲ್ಲುವುದು ಸುಮಾರು 650 ಸಲ. ಪಂದ್ಯ ಶುರುಮಾಡುವ ಸ್ಟಾರ್ಟಿಂಗ್ ಪಿಚರ್ 180 ಇನಿಂಗ್ಸ್ ಎಸೆದರೆ 700ಕ್ಕೂ ಹೆಚ್ಚು ಸಲ ಬ್ಯಾಟರ್‌ಗಳನ್ನು ಎದುರಿಸಿರುತ್ತಾನೆ. ದುಡಿಮೆಯಲ್ಲಿ ಯಾರೂ ಕಡಿಮೆಯಿಲ್ಲ.

ನನ್ನ ಅಂಜಿಕೆಯೆಲ್ಲ ಮೊಣಕೈಯದು. ಗಂಟೆಗೆ 95 ಮೈಲಿ ವೇಗದಲ್ಲಿ ಎಸೆಯುವ ಹುಡುಗನ ಮೊಣಕೈ ಲಿಗಮೆಂಟ್ ಹರಿದರೆ ಅದನ್ನು ಬದಲಿಸುವ ಟಾಮಿ ಜಾನ್ ಸರ್ಜರಿ. ಒಂದು, ಒಂದೂವರೆ ವರ್ಷ ಆಟವಿಲ್ಲ. ನಮ್ಮ ವೇಗದ ಬೌಲರ್‌ಗಳ ಬೆನ್ನುನೋವಿನ ಸುದ್ದಿ ಓದುವವರಿಗೆ ಇದೇನು ಹೊಸದಲ್ಲ. ಹಿಟ್ಟರ್ ಎಡವಿದರೆ ತಿದ್ದಬಹುದು, ಎರಡನೇ, ಮೂರನೇ ಬೇಸ್‌ಗಳ ನಡುವೆ ಫೀಲ್ಡಿಂಗ್ ಮಾಡುವ ಶಾರ್ಟ್‌ಸ್ಟಾಪ್ ಜಾಗ ಒಗ್ಗದಿದ್ದರೆ ಮೂರನೇ ಬೇಸ್‌ಗೆ ಕಳಿಸಬಹುದು. ಪಿಚರ್‌ನ ಕೈ ಹೋದರೆ ಇನ್ನೆಲ್ಲಿಗೆ ಕಳಿಸುವುದು?

ನಮ್ಮೂರ ಆಸ್ಟ್ರೋಸ್ ತಂಡವನ್ನೇ ನೋಡಿ. 2011ರಲ್ಲಿ 106, 2012ರಲ್ಲಿ 107, 2013ರಲ್ಲಿ 111 ಪಂದ್ಯ ಸೋತು, ಆ ಸೋಲಿನ ಕೂಲಿಯಾಗಿ ಮೂರು ವರ್ಷ ಸತತವಾಗಿ ಮೊದಲ ಸರದಿ ಪಡೆಯಿತು. 2012ರಲ್ಲಿ ಆರಿಸಿದ್ದು ಪೋರ್ಟೊರಿಕೊದ 17 ವರ್ಷದ ಶಾರ್ಟ್‌ಸ್ಟಾಪ್ ಕಾರ್ಲೋಸ್ ಕೊರೆಯಾನನ್ನು. ಮೂರೇ ವರ್ಷಕ್ಕೆ ರೂಕಿ ಆಫ್ ದಿ ಇಯರ್, ಅಂದರೆ ವರ್ಷದ ಅತ್ಯುತ್ತಮ ಹೊಸಬ. 2013ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಿಚರ್ ಮಾರ್ಕ್ ಅಪೆಲ್. ಅವನು ಮೇಜರ್ ಲೀಗ್‌ನಲ್ಲಿ ಮೊದಲ ಸಲ ಎಸೆದದ್ದು 2022ರಲ್ಲಿ, 30ನೇ ವಯಸ್ಸಿನಲ್ಲಿ, ಅದೂ ಫಿಲಡೆಲ್ಫಿಯಾ ಪರ. ಅವನ ಬೆನ್ನಿಗೇ ಎರಡನೇ ಸರದಿಯಲ್ಲಿ ಷಿಕಾಗೊದ ಕಬ್ಸ್ ತಂಡ ಎತ್ತಿಕೊಂಡ ಹಿಟ್ಟರ್ ಕ್ರಿಸ್ ಬ್ರಯಂಟ್ 2016ರಲ್ಲಿ ಲೀಗಿನ ಶ್ರೇಷ್ಠ ಆಟಗಾರ (ಎಂವಿಪಿ) ಆದ, ಆ ವರ್ಷವೇ ಕಬ್ಸ್ ಚಾಂಪಿಯನ್ ಪಟ್ಟದ ಸರಣಿಯಾದ ವರ್ಲ್ಡ್ ಸೀರೀಸನ್ನು 1908ರ ನಂತರ ಮೊದಲ ಸಲ ಗೆದ್ದಿತು. ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

2014ರಲ್ಲಿ ಮತ್ತೆ ಪಿಚರ್, ಹೈಸ್ಕೂಲಿನ ಎಡಗೈ ಬ್ರೇಡಿ ಏಕನ್. ತಪಾಸಣೆಯಲ್ಲಿ ಮೊಣಕೈ ಬಗ್ಗೆ ಅನುಮಾನ ಬಂತು, ಹಣದ ಮಾತು ಮುರಿಯಿತು, ಹುಡುಗ ಸಹಿ ಹಾಕಲಿಲ್ಲ. ಮರುವರ್ಷ ಅವನಿಗೆ ಟಾಮಿ ಜಾನ್ ಸರ್ಜರಿಯೂ ಆಯಿತು. ಕೈತಪ್ಪಿದ ಆಯ್ಕೆಗೆ ಪರಿಹಾರವಾಗಿ ಆಸ್ಟ್ರೋಸ್‌ಗೆ 2015ರಲ್ಲಿ ಎರಡನೇ ಸರದಿ ಸಿಕ್ಕಿತು. ಅದರಲ್ಲಿ ಬಂದವನೇ ಹಿಟ್ಟರ್ ಅಲೆಕ್ಸ್ ಬ್ರೆಗ್ಮನ್! ಕೊರೆಯಾ, ಬ್ರೆಗ್ಮನ್ ಇಬ್ಬರೂ 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. (ಎದುರಾಳಿಗಳ ಸನ್ನೆ ಕದ್ದ ಕಳಂಕ ಆ ವರ್ಷದ ಮೇಲಿದೆ, ಮುಚ್ಚಿಡುವುದಿಲ್ಲ.)

ಹಾಗಾದರೆ ಪಿಚರ್‌ಗಳು ಬೇಡವೇ? ಬೇಕು, ರಾಶಿ ರಾಶಿ ಬೇಕು. ಆದರೆ ಅಗ್ಗದಲ್ಲಿ, ಬಹಳ ಜನರನ್ನು ತಂದುಕೊಂಡು, ಯಾರ ಕೈ ಉಳಿಯುತ್ತದೋ ಕಾದು ನೋಡಬೇಕು. 2015ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ ಆಸ್ಟ್ರೋಸ್‌ನ ಡಲ್ಲಾಸ್ ಕೈಕಲ್ ಡ್ರಾಫ್ಟ್‌ನ ಏಳನೇ ಸುತ್ತಿನವನು. ಆಸ್ಟ್ರೋಸ್ ಪರ ಎಸೆದ ಫ್ರಾಂಬರ್ ವಾಲ್ಡೆಜ್, ಕ್ರಿಸ್ಟಿಯನ್ ಜೇವಿಯರ್ ಡ್ರಾಫ್ಟ್‌ಗೇ ಬಂದವರಲ್ಲ. ಡೊಮಿನಿಕನ್ ಗಣರಾಜ್ಯದಿಂದ ತಲಾ 10,000 ಡಾಲರ್‌ಗೆ ಸಹಿ ಹಾಕಿದವರು. ಅದೇ ಜೇವಿಯರ್ 2022ರ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ ಆರು ಇನಿಂಗ್ಸ್ ಎದುರಾಳಿಗೆ ಒಂದೂ ಹಿಟ್ (ಹೊಡೆದು ಬೇಸ್ ತಲುಪುವುದು) ಕೊಡಲಿಲ್ಲ. ಉಳಿದ ಮೂರನ್ನು ಜತೆಗಾರರು ಹಾಗೆಯೇ ಮುಗಿಸಿದರು.

ನನ್ನ ವಾದಕ್ಕೆ ದೊಡ್ಡ ಏಟು 2004. ಆ ವರ್ಷ ಸ್ಯಾನ್ ಡಿಯೇಗೊ ಮೊದಲ ಸರದಿಯಲ್ಲಿ ಮ್ಯಾಟ್ ಬುಷ್ ಎಂಬ ಹೈಸ್ಕೂಲು ಶಾರ್ಟ್‌ಸ್ಟಾಪ್‌ನನ್ನು ಆರಿಸಿತು. ಡೆಟ್ರಾಯ್ಟ್ ಎರಡನೆಯದರಲ್ಲಿ ಪಿಚರ್ ಜಸ್ಟಿನ್ ವರ್ಲ್ಯಾಂಡರ್‌ನನ್ನು. ವರ್ಲ್ಯಾಂಡರ್ ಮೂರು ಸೈ ಯಂಗ್ ಗೆದ್ದ. ಬುಷ್‌ಗೆ ಹೊಡೆಯಲು ಬರಲಿಲ್ಲ. ಎಷ್ಟೋ ವರ್ಷದ ಮೇಲೆ 2016ರಲ್ಲಿ ಮೇಜರ್ ಲೀಗ್‌ಗೆ ಬಂದ, ಪಿಚರ್ ಆಗಿ. ಗೆಳೆಯರು ಇದನ್ನೆತ್ತಿದಾಗ ನಾನು ಕಾಫಿ ತರಲು ಒಳಗೆ ಹೋಗುತ್ತೇನೆ.

ಕೊನೆಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಪಾಲ್ ಸ್ಕೀನ್ಸ್ ಎದುರಿಗಿದ್ರೆ?" 2023ರಲ್ಲಿ ಪಿಟ್ಸ್‌ಬರ್ಗ್ ಮೊದಲ ಸರದಿಯಲ್ಲಿ ಆರಿಸಿದ ಪಿಚರ್; 2024ರಲ್ಲಿ ರೂಕಿ ಆಫ್ ದಿ ಇಯರ್, 2025ರಲ್ಲಿ ಸೈ ಯಂಗ್. ಅಂಥವನಿದ್ದರೆ ಅವನನ್ನೇ ತಗೋತೀನಿ. ಮೊಣಕೈ ಸ್ಕ್ಯಾನ್ ಕಣ್ಣಾರೆ ನೋಡಿದ ಮೇಲೆ.