ಕಾಡಿಗೆ ಕಲೆಗೆ ಮೊದಲೇ ನೀರು ಹಾಕಬೇಡಿ

ಮಗಳು ಭರತನಾಟ್ಯ ಕಲಿಯುತ್ತಿದ್ದಾಳೆ. ಕಾರ್ಯಕ್ರಮ ಇದ್ದ ದಿನ ನಮ್ಮ ಮನೆಯಲ್ಲಿ ಬಣ್ಣ ತಾಗದ ಬಟ್ಟೆ ಹುಡುಕಬೇಕು. ಟವೆಲಿಗೆ ಫೌಂಡೇಶನ್, ದಿಂಬಿನ ಕವರಿಗೆ ಕಾಡಿಗೆ, ಸೋಫಾಗೆ ಲಿಪ್‌ಸ್ಟಿಕ್, ಬೆಡ್‌ಶೀಟ್ ಮೇಲೆ ಆಲ್ತಾ (ನೃತ್ಯಕ್ಕೆ ಕೈಕಾಲಿಗೆ ಹಚ್ಚುವ ಕೆಂಪು ಬಣ್ಣ) ಹಚ್ಚಿದ ಬೆರಳಿನ ಗುರುತು. ಈ ಕಲೆ ತೆಗೆಯೋದು ಹೇಗೆ ಅಂತ ಜೊತೆಯ ಮಕ್ಕಳ ತಾಯಂದಿರೂ ಕೇಳುತ್ತಿರುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಕಲೆ ಕಂಡ ಕೂಡಲೇ ನಲ್ಲಿ ಕೆಳಗೆ ಹಿಡಿಯುತ್ತೇವೆ, ಅಲ್ವಾ? ಆದರೆ ಕಾಡಿಗೆ, ಲಿಪ್‌ಸ್ಟಿಕ್ ಅಂದರೆ ಎಣ್ಣೆ, ಮೇಣ, ಬಣ್ಣ. ಬರೀ ನೀರಿಗೆ ಅವು ಜಗ್ಗುವುದಿಲ್ಲ. ಬಿಸಿನೀರು ಹಾಕಿದರಂತೂ ಮೇಣ ಕರಗಿ, ಬಣ್ಣವನ್ನೂ ಎಳೆದುಕೊಂಡು ನೂಲಿನೊಳಗೆ ಇಳಿಯುತ್ತದೆ. ಮೊದಲು ಜಿಡ್ಡು ಬಿಡಿಸಬೇಕು, ನೀರು ಆಮೇಲೆ.

ದಿಂಬಿನ ಕವರಿಗೆ ನಾನು ಮಾಡುವುದು ಹೀಗೆ. ಕವರನ್ನು ಉಲ್ಟಾ ಮಾಡಿ, ಹಳೆ ಪಂಚೆಯ ತುಂಡೊಂದನ್ನು ಮಡಚಿ ಕಲೆಯ ಕೆಳಗೆ ಬರುವ ಹಾಗೆ ಒಳಗಿಡುತ್ತೇನೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಅಂಚಿನಿಂದ ನಡುವಿಗೆ ಬೆರಳಲ್ಲಿ ಒತ್ತುತ್ತಾ ಬರುತ್ತೇನೆ. ಉಜ್ಜಬಾರದು, ಉಜ್ಜಿದರೆ ಹರಡುತ್ತದೆ. ಸ್ವಲ್ಪ ಹೊತ್ತಿಗೆ ಪಂಚೆ ಮೇಲೆ ಬೂದು ಮಚ್ಚೆ ಮೂಡುತ್ತದೆ. ಅದನ್ನು ನೋಡಿದರೆ ಎಷ್ಟು ಖುಷಿ! ಕಾಡಿಗೆ ಕವರ್ ಬಿಟ್ಟು ಇಳಿಯುತ್ತಿದೆ ಅಂತ ಅರ್ಥ. ಪಂಚೆಯ ಶುಭ್ರ ಜಾಗ ಸರಿಸಿ ಮತ್ತೆ ಒತ್ತುತ್ತೇನೆ. ಮಚ್ಚೆ ಬರುವುದು ನಿಂತ ಮೇಲೆ ತಣ್ಣೀರಲ್ಲಿ ಜಾಲಿಸಿ, ಎಂದಿನಂತೆ ಒಗೆದರಾಯಿತು.

ವಾಟರ್‌ಪ್ರೂಫ್ ಕಾಡಿಗೆ ಹಟಮಾರಿ. ಅದಕ್ಕೆ ಮೊದಲು ಹತ್ತಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಅದ್ದಿ ಒತ್ತಬೇಕು. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಹಚ್ಚಿ ನೋಡಿ, ಬಣ್ಣ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಕಿಟಕಿ ತೆರೆದಿರಲಿ. ಒಲೆ, ದೇವರ ದೀಪ ಹತ್ತಿರ ಇರಲೇಬಾರದು.

ಫೌಂಡೇಶನ್ನಿಗೂ ಅದೇ ಲಿಕ್ವಿಡ್ ಸಾಕು. ಕಾಂಪ್ಯಾಕ್ಟ್ ಪೌಡರ್ ಚೆಲ್ಲಿದರೆ ಮಾತ್ರ ಕೈಯಿಂದ ಒರೆಸದೆ ಹೊರಗೆ ಒಯ್ದು ಕೊಡವಿ.

ಸೋಫಾ ಒಗೆಯೋಕಾಗಲ್ಲ. ಲಿಪ್‌ಸ್ಟಿಕ್ ಮೆತ್ತಿಕೊಂಡಿದ್ದರೆ ಚಮಚದ ಅಂಚಿನಿಂದ ಮೇಲಿನ ಪದರವನ್ನಷ್ಟೇ ಮೆಲ್ಲಗೆ ಕೆರೆದು ತೆಗೆಯಿರಿ. ಲಿಕ್ವಿಡ್ ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಒತ್ತಿ ಒತ್ತಿ ತೆಗೆಯಿರಿ. ನೀರು ಜಾಸ್ತಿಯಾದರೆ ಒಳಗಿನ ಫೋಮ್ ಕುಡಿದು ವಾಸನೆ ಬರುತ್ತದೆ. ಕೊನೆಗೆ ಬರೀ ನೀರಿನ ಬಟ್ಟೆಯಲ್ಲಿ ಸೋಪು ತೆಗೆದು ಫ್ಯಾನ್ ಹಾಕಿ.

ಆಲ್ತಾ ವಿಷಯ ಪೂರ್ತಿ ಬೇರೆ. ಸಾಮಾನ್ಯವಾಗಿ ಅದು ನೀರಲ್ಲಿ ಕರಗಿದ ಬಣ್ಣ. ಹಸಿ ಇರುವಾಗಲೇ ಹಿಂಬದಿಯಿಂದ ತಣ್ಣೀರು ಬಿಡಬೇಕು. ಒಣಗಿದರೆ ಪೂರ್ತಿ ಹೋಗುವುದು ಕಷ್ಟ. ಅದಕ್ಕೇ ಆಲ್ತಾ ಒಣಗುವ ತನಕ ಮಗಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂರಿಸುತ್ತೇನೆ.

ರೇಷ್ಮೆ ಡ್ರೆಸ್ಸಿನ ಮೇಲೆ ಮನೆಯ ಪ್ರಯೋಗ ಬೇಡ. ಕ್ಲೋರಿನ್ ಬ್ಲೀಚ್ ರೇಷ್ಮೆಯನ್ನೇ ತಿನ್ನುತ್ತದೆ. ಜರಿ ಇದ್ದರಂತೂ ಡ್ರೈಕ್ಲೀನಿಂಗಿಗೇ ಕೊಡಿ. ಸುಮ್ನೆ ಕೊಟ್ಟು ಬರಬೇಡಿ, ಇದು ಲಿಪ್‌ಸ್ಟಿಕ್, ಇದು ಆಲ್ತಾ ಅಂತ ಜಾಗ ತೋರಿಸಿ ಹೇಳಿ. ಕಲೆ ಹೋಗುವ ತನಕ ಇಸ್ತ್ರಿ ಮುಟ್ಟಿಸಬೇಡಿ, ಶಾಖಕ್ಕೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ.